ಈ ಸಲ ಯಾರ ಸರದಿ

ನನ್ನ ಯಜಮಾನರು ತೀರಿಹೋದ ಮೇಲೂ ಒಂದು ಸಲ ನಾನು ಅವರನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ಅವರು ತೀರಿಹೋಗಿದ್ದಾರೆಂದು ಆಗ ನನಗೆ ಗೊತ್ತಿರಲಿಲ್ಲ.

ಚಂದಾಪುರ ದಾಟಿ ನಮ್ಮ ಮನೆಗೆ ತಿರುಗುವ ಕಡೆ ಅವರ ಫ್ಯಾಕ್ಟರಿ ಬಸ್ಸಿನ ಸ್ಟಾಪು. ನಾನು ಮೇಲ್ವಿಚಾರಣೆ ನೋಡಿಕೊಳ್ಳುವ ಕ್ಯಾಂಟೀನು ಇನ್ನೊಂದು ಕಂಪನಿಯದು, ಸಂಜೆ ಬೇಗ ಮುಚ್ಚುತ್ತದೆ. ನಾನು ಮೊದಲೇ ಬಂದು ತಳ್ಳುಗಾಡಿಯಲ್ಲಿ ಸೊಪ್ಪು ಕೊಂಡು ನಿಂತಿರುತ್ತಿದ್ದೆ. ಅವರು ಇಳಿದ ಮೇಲೆ ಇಬ್ಬರೂ ಮಾತಾಡುತ್ತಾ, ಅಂದರೆ ನಾನು ಮಾತಾಡುತ್ತಾ ಅವರು ಹೂಂಗುಟ್ಟುತ್ತಾ, ಮನೆಗೆ ನಡೆಯುತ್ತಿದ್ದೆವು. ಆ ದಿನವೂ ಬಸ್ಸು ಬಂತು. ಅವರು ಎಂದಿನ ಕಿಟಕಿ ಸೀಟಿನಲ್ಲಿ ಗಾಜಿಗೆ ತಲೆ ಆನಿಸಿ ಕೂತಿದ್ದರು. ಕಣ್ಣು ಅರ್ಧ ತೆರೆದಿತ್ತು, ನನ್ನ ಕಡೆಗೇ ಇತ್ತು. ನಾನು ಕೈ ಎತ್ತಿದೆ. ಬಸ್ಸು ನಿಧಾನವಾಯಿತು. ಬಾಗಿಲ ಹತ್ತಿರ ಯಾರೂ ಎದ್ದು ಬಾರದ್ದರಿಂದ ಡ್ರೈವರ್ ಹಾಗೇ ಮುಂದಕ್ಕೆ ಬಿಟ್ಟ. ನಾನು ಓಡಿಹೋಗಿ ಬಸ್ಸಿನ ಪಕ್ಕಕ್ಕೆ ಬಡಿದೆ.

"ಏನ್ರೀ, ಸ್ಟಾಪ್ ಬಂತು! ಏಳ್ರೀ! ಇಳೀರೀ!"

ಅವರು ನನ್ನನ್ನು ನೋಡುತ್ತಲೇ ಹೋಗಿಬಿಟ್ಟರು.

ನನಗೆ ಪಿತ್ತ ನೆತ್ತಿಗೇರಿತು. ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿದೆ. ಹಗಲುಗನಸು ಕಾಣುವ ಗಂಡಸನ್ನು ಕಟ್ಟಿಕೊಂಡ ನನ್ನ ಕರ್ಮ ಎಂದು ಶುರುಮಾಡಿ, ಕೊನೆಯ ಸ್ಟಾಪಿನಿಂದ ನಡೆದುಕೊಂಡೇ ಬನ್ನಿ, ಆಗ ಬುದ್ಧಿ ಬರುತ್ತದೆ ಎಂದು ಮುಗಿಸಿದೆ. ಕೊನೆಯ ಸ್ಟಾಪಿನಲ್ಲಿ ಡ್ರೈವರ್ ಎಬ್ಬಿಸಲು ಹೋದಾಗ ಅವರು ಪಕ್ಕದ ಸೀಟಿಗೆ ವಾಲಿದರಂತೆ. ಹತ್ತಿ ಕೂತ ಸ್ವಲ್ಪ ಹೊತ್ತಿಗೇ ಹೃದಯ ನಿಂತಿರಬೇಕೆಂದು ಡಾಕ್ಟರು ಹೇಳಿದರು. ಬಸ್ಸಿನ ತುಂಬ ಅವರ ಜೊತೆ ಕೆಲಸ ಮಾಡುವವರಿದ್ದರು. ಎಲ್ಲರೂ, ಪಾಪ ದಣಿದು ಮಲಗಿದ್ದಾರೆ ಎಂದುಕೊಂಡಿದ್ದರು. ಜಾರುತ್ತಿದ್ದ ಊಟದ ಚೀಲವನ್ನು ಒಬ್ಬರು ಮೆಲ್ಲಗೆ ಎತ್ತಿ ಅವರ ತೊಡೆಯ ಮೇಲೆ ಇಟ್ಟಿದ್ದರು. ಆ ಬೈಗುಳ ಇನ್ನೂ ಅವರ ಫೋನಿನಲ್ಲಿದೆ. ಫೋನು ನನ್ನ ಬೀರುವಿನಲ್ಲಿದೆ.

ಇದಾದ ಮೇಲೆ ನಾನು ಆ ಸ್ಟಾಪಿನಲ್ಲಿ ನಿಲ್ಲುವುದನ್ನು ಬಿಟ್ಟೆ. ಸುತ್ತು ಬಳಸಿ ಹಿಂದಿನ ರಸ್ತೆಯಿಂದ ಹೋಗುತ್ತಿದ್ದೆ. ಇನ್ನೊಂದನ್ನೂ ಬಿಟ್ಟೆ. ನಮ್ಮ ಸಮಾಧಿ ತೋಟದಲ್ಲಿ ಒಂದೊಂದು ಕಲ್ಲಿನ ಮೇಲೂ, ಇಂಥವರು ಕರ್ತನಲ್ಲಿ ನಿದ್ರಿಸುತ್ತಿದ್ದಾರೆ ಎಂದು ಕೆತ್ತಿರುತ್ತದೆ. ಕಲ್ಲು ಕೆತ್ತುವವನು ಹೆಸರು, ತಾರೀಖು ಕೇಳಿಕೊಂಡು, "ಮೇಲೆ ಅದೇ ಸಾಲು ತಾನೇ ಅಕ್ಕ?" ಎಂದ. ಆ ಸಾಲು ಬರೆದರೆ ನಿನ್ನ ಉಳಿಯನ್ನು ಕೆರೆಗೆ ಎಸೆಯುತ್ತೇನೆ ಎಂದೆ. ನಿದ್ದೆಗೂ ಸಾವಿಗೂ ವ್ಯತ್ಯಾಸ ತಿಳಿಯದೆ ಬಸ್ಸು ಬಡಿದವಳು ನಾನು. ಆ ಮಾತನ್ನು ಕಲ್ಲಿನ ಮೇಲೆ ಓದಿಕೊಂಡು ಬದುಕಿರುವುದು ನನ್ನಿಂದಾಗದು. ಹಾಗಾಗಿ ಅವರ ಸಮಾಧಿಗೆ ಕಲ್ಲೇ ಬೀಳಲಿಲ್ಲ, ಮಣ್ಣಿನ ದಿಬ್ಬ ಮತ್ತು ಮರದ ಶಿಲುಬೆ ಅಷ್ಟೇ ಇದ್ದವು.

ಇಲ್ಲಿ ನಮ್ಮ ಸಭೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮದು ಹಳೆಯ ಹಳ್ಳಿಯ ಚಿಕ್ಕ ಚರ್ಚು. ಸುತ್ತ ಕಂಪನಿಗಳು, ಪಿಜಿಗಳು, ಅಪಾರ್ಟ್‌ಮೆಂಟುಗಳು ಏಳುವುದಕ್ಕೆ ಬಹಳ ಹಿಂದಿನಿಂದಲೂ ಕೆರೆಯ ಪಕ್ಕದಲ್ಲಿದೆ. ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ನಾವು ಸಮಾಧಿ ತೋಟಕ್ಕೆ ಹೋಗುತ್ತೇವೆ. ಮೊದಲ ಈಸ್ಟರಿನಲ್ಲಿ ಹೆಂಗಸರೇ ಗೋರಿಯ ಹತ್ತಿರ ಹೋದರೆಂದು ನಮ್ಮಲ್ಲೂ ಒಳಗೆ ಹೋಗುವುದು ಹೆಂಗಸರು ಮಾತ್ರ. ಬಿಳಿ ಸೀರೆ, ಕೈಯಲ್ಲಿ ದೀಪ. ಒಳಗೆ ಯಾರೂ ಮಾತಾಡುವಂತಿಲ್ಲ. ಅವರವರ ಮನೆಯ ಸಮಾಧಿಯ ಮೇಲೆ ದೀಪ ಇಟ್ಟು, ಸ್ವಲ್ಪ ಹೊತ್ತು ನಿಂತು, ಸಾಲಾಗಿ ಗೇಟಿಗೆ ವಾಪಸು ಬರಬೇಕು. ಗಂಡಸರು ಅಲ್ಲಿಯವರೆಗೆ ಗೇಟಿನ ಹೊರಗೆ ಕತ್ತಲಲ್ಲಿ ಕಾಯುತ್ತಿರುತ್ತಾರೆ. ಸಭೆಯ ಹಿರಿಯರು ಕೇಳುತ್ತಾರೆ: "ಏನು ಕಂಡೆ ತಾಯಿ?" ಒಬ್ಬಳು ಹೆಂಗಸು ಉತ್ತರ ಕೊಡುತ್ತಾಳೆ: "ಗೋರಿ ಬರಿದಾಗಿದೆ. ಆತನು ಎದ್ದಿದ್ದಾನೆ." ಆಗ ಎಲ್ಲರೂ, "ನಿಜವಾಗಿಯೂ ಎದ್ದಿದ್ದಾನೆ!" ಎಂದು ಕೂಗಬೇಕು, ಗೇಟಿನ ಪಕ್ಕದ ಗಂಟೆ ಹೊಡೆಯಬೇಕು.

ಉತ್ತರ ಕೊಡುವವಳು ಯಾರು ಎಂಬುದೂ ಗೊತ್ತುಮಾಡಿದ ವಿಷಯವೇ. ಆ ವರ್ಷ ಯಾರ ಮನೆಯ ಮಣ್ಣು ಎಲ್ಲಕ್ಕಿಂತ ಹೊಸದೋ ಆ ಮನೆಯ ಹೆಂಗಸು ಹೇಳಬೇಕು. ಇದನ್ನು ಯಾವ ಕಟುಕ ಶುರುಮಾಡಿದನೋ ತಿಳಿಯದು. ನನ್ನ ಅತ್ತೆಯನ್ನು ಒಮ್ಮೆ ಕೇಳಿದ್ದಕ್ಕೆ, "ಹೊಟ್ಟೆ ತುಂಬಿದವಳು ಹೇಳಿದರೆ ಯಾರು ನಂಬುತ್ತಾರೆ?" ಎಂದಿದ್ದರು. ಗಂಟೆ ಹೊಡೆಯುವ ಕೆಲಸ ಮಾತ್ರ ಮೊದಲಿನಿಂದಲೂ ನನ್ನ ಯಜಮಾನರದು. ಹಾಡಲು ಕಂಠವಿಲ್ಲ, ಪ್ರಾರ್ಥನೆಗೆ ನಿಂತರೆ ನಾಲಿಗೆ ಕಟ್ಟುತ್ತದೆ, ಆದರೆ ಗಂಟೆಯ ಹಗ್ಗ ಸಿಕ್ಕಿದರೆ ಅವರಿಗೆ ಬೇರೇನೂ ಬೇಡ. ಹೆಂಗಸರು ತಡಮಾಡಿದರೆ ಗೇಟಿನ ಸಂದಿಯಿಂದ ಇಣುಕಿ ನನಗೆ, "ಬೇಗ ಬರ್ರೇ, ಕೈ ನೋಯ್ತಿದೆ" ಎಂದು ಪಿಸುಗುಟ್ಟುತ್ತಿದ್ದರು. ಈ ವರ್ಷ ಹೊಸ ಮಣ್ಣು ಅವರದು. ಹೇಳಬೇಕಾದವಳು ನಾನು.

ನನ್ನ ಕಷ್ಟ ಇಷ್ಟೇ. ಅವರ ಗೋರಿ ಬರಿದಾಗಿರಲಿಲ್ಲ. ಅದರೊಳಗೆ ಯಾರಿದ್ದಾರೆ, ಯಾವ ಅಂಗಿ ತೊಟ್ಟಿದ್ದಾರೆ, ಆ ಅಂಗಿಯ ಯಾವ ಗುಂಡಿಯನ್ನು ನಾನೇ ಹೊಲಿದಿದ್ದೆ ಎಲ್ಲವೂ ನನಗೆ ಗೊತ್ತು. ಪಕ್ಕದಲ್ಲಿ ನಿಂತು ಬಂದು ಬರಿದಾಗಿದೆ ಎಂದು ಹೇಗೆ ಹೇಳಲಿ? ಆ ಮಾತು ಕ್ರಿಸ್ತನ ಗೋರಿಯದು, ಇವರದಲ್ಲ ಎಂದು ನನಗೂ ತಿಳಿಯುತ್ತದೆ. ತಿಳಿದರೂ ಬಾಯಿ ಏಳಬೇಕಲ್ಲ. ನಂಬಿಕೆ ಕಳೆದುಹೋಗಿತ್ತೇ ಎಂದು ಕೇಳಿದರೆ ಇಲ್ಲ. ನನಗೆ ದೇವರ ಮೇಲೆ ಸಿಟ್ಟು ಬಂದಿತ್ತು, ಮಾತು ಬಿಟ್ಟಿದ್ದೆ.

ಆದರೂ ಸಂಜೆ ಸಮಾಧಿಗೆ ಹೋಗುವುದು ತಪ್ಪಿಸುತ್ತಿರಲಿಲ್ಲ. ಸ್ಟಾಪಿನಲ್ಲಿ ಕಾಯುವ ಹೊತ್ತನ್ನು ಅಲ್ಲಿ ಕಳೆಯುತ್ತಿದ್ದೆ. ದಿನದ ಕಥೆ ಹೇಳುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾಗಿದ್ದು, ಗ್ಯಾಸ್ ತಡವಾಗಿದ್ದು, ಕೊನೆಗೆ ನನ್ನನ್ನು ಬಿಟ್ಟು ಹೋಗಿದ್ದಕ್ಕೆ ನಾಲ್ಕು ಬೈಗುಳ. ತೋಟದ ಒಂದು ಕಡೆ ಕೆರೆ. ನೀರು ಕಪ್ಪಗಿರುತ್ತದೆ, ಮಳೆ ಬಂದರೆ ನೊರೆ ಉಕ್ಕಿ ಗಾಳಿಗೆ ಹಾರಿ ಶಿಲುಬೆಗಳಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಕಡೆ ಗೋಡೆಗೆ ತಾಗಿದಂತೆ ಹೊಸ ಅಪಾರ್ಟ್‌ಮೆಂಟ್. ಅದರ ನೆರಳು ಸಂಜೆಗೂ ಮುಂಚೆ ಸಮಾಧಿಗಳ ಮೇಲೆ ಬೀಳುವುದರಿಂದ ಅಲ್ಲಿ ಬೇಗ ಕತ್ತಲಾಗುತ್ತದೆ. ಅಪಾರ್ಟ್‌ಮೆಂಟಿಗೆ ಪಾಯ ಅಗೆದಾಗ ಬಂದ ಮಣ್ಣನ್ನೆಲ್ಲ ಲಾರಿಗಳಲ್ಲಿ ತಂದು ನಮ್ಮ ತೋಟದ ತಗ್ಗಾದ ಮೂಲೆಗೆ ಸುರಿದಿದ್ದರು. ಮಳೆಗಾಲದಲ್ಲಿ ನೀರು ನಿಲ್ಲುತ್ತಿದ್ದ ಜಾಗ, ಬಿಟ್ಟಿ ಮಣ್ಣು ಸಿಕ್ಕಿತೆಂದು ನಮ್ಮ ಹಿರಿಯರಿಗೆ ಖುಷಿಯೋ ಖುಷಿ. ಆ ಮೂಲೆಯಲ್ಲಿ ಇನ್ನೂ ಯಾರನ್ನೂ ಹೂಳಿರಲಿಲ್ಲ.

ಆ ಖಾಲಿ ಮೂಲೆಯಲ್ಲಿ ಒಂದು ಸಂಜೆ ಚಿಕ್ಕ ಸ್ಟೀಲ್ ಲೋಟ ಕಂಡಿತು. ಮಕ್ಕಳಿಗೆ ಕೊಡುವಂಥದು. ಒಳಗೆ ಹಾಲಿತ್ತು. ಕೆಲಸದವರು ಯಾರೋ ಮರೆತಿರಬೇಕೆಂದು ಎತ್ತಿದೆ. ಲೋಟ ಬೆಚ್ಚಗಿತ್ತು.

ಸುತ್ತ ನೋಡಿದೆ. ಗೇಟಿನಿಂದ ಬಂದವಳು ನಾನೊಬ್ಬಳೇ. ಯಾರೂ ಎದುರಾಗಿರಲಿಲ್ಲ. ಹಿಂದಿನ ದಿನದ ಮಳೆಗೆ ಮಣ್ಣು ಮೆತ್ತಗಾಗಿತ್ತು. ಲೋಟವಿದ್ದ ಜಾಗದಿಂದ ಅಪಾರ್ಟ್‌ಮೆಂಟಿನ ಗೋಡೆಯವರೆಗೆ ಬರಿಗಾಲಿನ ಗುರುತುಗಳು ಇದ್ದವು, ಗೋಡೆಯ ಹತ್ತಿರ ನಿಂತುಹೋಗಿದ್ದವು. ತಲೆ ಎತ್ತಿದರೆ ಮೇಲಿನ ಒಂದು ಬಾಲ್ಕನಿಯ ದೀಪ ಪಟ್ಟನೆ ಆರಿತು.

ಮಾರನೆಯ ದಿನ ಲೋಟ ಇರಲಿಲ್ಲ. ಅದರ ಮಾರನೆಯ ದಿನ ಮತ್ತೆ ಇತ್ತು. ಕ್ಯಾಂಟೀನಿನ ಬುದ್ಧಿ ಎಲ್ಲಿ ಹೋಗುತ್ತದೆ? ಬಗ್ಗಿ ಮೂಸಿ ನೋಡಿದೆ. ಕೆನೆ ತೆಗೆದು, ಸಕ್ಕರೆ ಹಾಕಿ, ಏಲಕ್ಕಿ ಪುಡಿ ಉದುರಿಸಿ ಆರಿಸಿದ ಹಾಲು. ಹಾಲು ಬಿಡಿಸುವ ವಯಸ್ಸಿನ ಕೂಸಿಗೆ ಮಾಡುವ ಹದ. ಈ ಜಾಗದಲ್ಲಿ ಯಾವ ಕೂಸು ಕುಡಿಯುತ್ತದೆ ಎಂದು ಯೋಚಿಸಿ ನನಗೆ ನಿಜಕ್ಕೂ ಭಯವಾಯಿತು. ಅಂದಿನಿಂದ ನಾನು ಅಲ್ಲಿಗೆ ಹೋದಾಗಲೆಲ್ಲ ಅದೇ ಬಾಲ್ಕನಿಯ ದೀಪ ಆರುತ್ತಿತ್ತು. ಆರಿದ ಮೇಲೂ ಅಲ್ಲಿ ಬೆಳ್ಳಗೆ ಏನೋ ನಿಂತಿರುತ್ತಿತ್ತು. ಒಣಗಲು ಹಾಕಿದ ಬಟ್ಟೆ ಎಂದು ಮನಸ್ಸಿಗೆ ಹೇಳಿಕೊಂಡು ಯಜಮಾನರನ್ನು ಇನ್ನಷ್ಟು ಜೋರಾಗಿ ಬೈಯುತ್ತಿದ್ದೆ, ಧೈರ್ಯಕ್ಕೆ.

ಹಿರಿಯರಿಗೆ ಹೇಳಿದೆ. ಅವರು ನಿವೃತ್ತ ಮೇಷ್ಟ್ರು, ಒಳ್ಳೆಯವರೇ, ಆದರೆ ಎಲೆ ಅಲುಗಿದರೂ ಬೆಚ್ಚುವ ಮನುಷ್ಯ. "ಮಾಟ ಮಾಡಿಸಿದಾರೆ ಅಕ್ಕ," ಎಂದರು. "ಮುಟ್ಟಬೇಡಿ. ಅಪಾರ್ಟ್‌ಮೆಂಟಿನವರಿಗೆ ನಮ್ಮನ್ನ ಕಂಡ್ರೆ ಮೊದಲೇ ಆಗಲ್ಲ." ಆಮೇಲೆ ಫೋನು ತೆಗೆದು ನನಗೊಂದು ವೀಡಿಯೊ ತೋರಿಸಿದರು.

ಹೋದ ಈಸ್ಟರಿನಲ್ಲಿ ಆ ಅಪಾರ್ಟ್‌ಮೆಂಟಿನ ಯಾವುದೋ ಮಹಡಿಯಿಂದ ಯಾರೋ ತೆಗೆದದ್ದು. ಕತ್ತಲು, ಕೆರೆಯ ಮಂಜು, ಅದರೊಳಗೆ ಬಿಳಿ ಬಟ್ಟೆಯ ಆಕೃತಿಗಳು ದೀಪ ಹಿಡಿದು ಸಮಾಧಿಗಳ ನಡುವೆ ತೇಲಿಕೊಂಡು ಹೋಗುತ್ತಿವೆ. ಕೆಳಗೆ, ನಮ್ಮ ಬಿಲ್ಡಿಂಗ್ ಪಕ್ಕದಲ್ಲಿ ದೆವ್ವಗಳು ಎಂದು ಬರೆದಿತ್ತು. ಈ ವರ್ಷ ಹಬ್ಬ ಹತ್ತಿರ ಬಂದಂತೆ ಅದು ಮತ್ತೆ ಗುಂಪುಗಳಲ್ಲಿ ಓಡಾಡತೊಡಗಿತ್ತು. ಕೆಲವರು ಹೆದರಿದ್ದರು, ಕೆಲವರು ನಕ್ಕಿದ್ದರು, ಇನ್ನು ಕೆಲವರು ಇದೆಲ್ಲ ಮತಾಂತರದ ಆಟ, ಒಂದು ಕೈ ನೋಡಿಕೊಳ್ಳೋಣ ಎಂದು ಬರೆದಿದ್ದರು. ಹಿರಿಯರು ಹೆದರಿದ್ದು ಆ ಕೊನೆಯ ಮಾತಿಗೆ. ಅಲ್ಲಿ ಇಲ್ಲಿ ಪ್ರಾರ್ಥನಾ ಕೂಟಕ್ಕೆ ಜನ ನುಗ್ಗಿದ ಸುದ್ದಿಯನ್ನು ನಾವೂ ಕೇಳಿದ್ದೆವು.

ನಾನು ನೋಡುತ್ತಿದ್ದದ್ದು ಬೇರೆ. ವೀಡಿಯೊದ ಕೊನೆಯಲ್ಲಿ, ಗೇಟಿನ ಪಕ್ಕ, ಬೆರಳಿನಷ್ಟು ಚಿಕ್ಕದಾಗಿ ಒಬ್ಬ ಗಂಡಸು ಗಂಟೆಯ ಹಗ್ಗ ಎಳೆಯುತ್ತಿದ್ದ. ದೆವ್ವಗಳೆಂದು ಬರೆದವರಿಗೆ ಅದು ನನ್ನ ಯಜಮಾನರೆಂದು ಗೊತ್ತಿರಲಿಲ್ಲ. ನಮ್ಮೆಲ್ಲರ ಮಧ್ಯೆ ಆಗಲೇ ಒಬ್ಬರು ಹೊರಡುವವರಿದ್ದರು, ಹಗ್ಗ ಹಿಡಿದು ಕುಣಿಯುತ್ತಿದ್ದರು. ಆ ವೀಡಿಯೊವನ್ನು ನನಗೆ ಕಳಿಸಿ ಎಂದೆ. ಮನೆಯಲ್ಲಿ ಕೂತು ಮತ್ತೆ ಮತ್ತೆ ನೋಡಿದೆ.

ಹಿರಿಯರು ತೀರ್ಮಾನ ಮಾಡಿದರು. ಈ ಸಲ ಸಮಾಧಿ ತೋಟದಲ್ಲಿ ಕೂಗುವುದು ಬೇಡ, ಗಂಟೆ ಬೇಡ. ಹೆಂಗಸರು ಸದ್ದಿಲ್ಲದೆ ಹೋಗಿ ದೀಪ ಇಟ್ಟು ಬರಲಿ, ಪ್ರಶ್ನೆ ಉತ್ತರ ಏನಿದ್ದರೂ ಚರ್ಚಿನ ಒಳಗೆ ಬಾಗಿಲು ಹಾಕಿಕೊಂಡು ನಡೆಯಲಿ. ಸಭೆಯಲ್ಲಿ ಕೆಲವರು ಗೊಣಗಿದರು. ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿ ಒಪ್ಪಿಕೊಂಡೆ. ಗಂಟೆ ಹೊಡೆಯುವವರೇ ಇಲ್ಲ, ಮತ್ತೇಕೆ ಎಂದೆ. ಹಾಗೇ ನನ್ನ ಬದಲು ಇನ್ಯಾರಾದರೂ ಹೇಳಲಿ ಎಂದು ಒಂದು ಮಾತು ಸೇರಿಸಿದೆ.

ನಮ್ಮ ಅಯ್ಯನವರು, ಅಂದರೆ ಪಾಸ್ಟರು, ಹೊಸಬರು, ವಯಸ್ಸಿನಲ್ಲಿ ಚಿಕ್ಕವರು. ಆ ಭಾನುವಾರ, ಪ್ರತಿಯೊಬ್ಬರಿಗೂ ದೇವರ ಕರೆ ಇದೆ ಎಂದು ಪ್ರಸಂಗ ಮಾಡಿದ್ದರು. ಸಂಜೆ ನಮ್ಮ ಮನೆಗೆ ಬಂದಾಗ ಕಾಫಿ ಕೊಟ್ಟು, "ಅಯ್ಯನವರೇ, ನನಗೆ ಯಾವ ಕರೇನೂ ಬಂದಿಲ್ಲ. ಅನ್ನ ಬೆಂದಿದ್ಯಾ ನೋಡೋದು ನನ್ನ ಕೆಲಸ. ಆ ಮಾತು ಹೇಳೋಕೆ ನನ್ನ ಕೈಲಾಗಲ್ಲ," ಎಂದೆ.

ಅವರು ವಾದ ಮಾಡಲಿಲ್ಲ. "ಆಗಲ್ಲ ಅಂದ್ರೆ ಬೇಡಮ್ಮ. ಯಾರೂ ಬಲವಂತ ಮಾಡಲ್ಲ," ಎಂದರು. ಚಪ್ಪಲಿ ಮೆಟ್ಟುತ್ತಾ, "ಆದ್ರೆ ಬನ್ನಿ. ದೀಪ ಇಡೋಕಾದ್ರೂ ಬನ್ನಿ," ಎಂದರು. ಜಗಳಕ್ಕೆ ಸಿದ್ಧಳಾಗಿ ಕೂತಿದ್ದ ನನಗೆ ನಿರಾಸೆಯಾಯಿತು.

ಈಸ್ಟರಿನ ಹಿಂದಿನ ಸಂಜೆ ಮಳೆ ಹೊಡೆಯಿತು. ಬೆಳಗಿನ ಜಾವ ನಾವು ಹೊರಟಾಗ ಕೆರೆಯ ಕಡೆಯಿಂದ ಮಂಜು ತೆವಳಿಕೊಂಡು ಬರುತ್ತಿತ್ತು, ಅದರೊಳಗೆ ನೊರೆಯ ವಾಸನೆ. ಗೇಟಿನ ಹತ್ತಿರ ಗಂಡಸರು ತಲೆಗೆ ಟವೆಲು ಸುತ್ತಿ ಸುಮ್ಮನೆ ನಿಂತಿದ್ದರು. ಗಂಟೆಯ ನಾಲಿಗೆಗೆ ಹಿರಿಯರು ಒಂದು ಹಳೆಯ ಪಂಚೆ ಸುತ್ತಿ ಬಿಗಿದಿದ್ದರು, ಗಾಳಿಗೂ ಸದ್ದಾಗದಿರಲಿ ಎಂದು. ಬಾಯಿ ಕಟ್ಟಿದ ಆ ಗಂಟೆಯನ್ನು ನೋಡಿ ನನಗೆ ಪೆಟ್ಟಿಗೆಯಲ್ಲಿ ಮಲಗಿಸುವ ಮುಂಚೆ ಯಜಮಾನರ ಬಾಯಿ ಮುಚ್ಚಿರಲೆಂದು ಮೋರೆಗೆ ಕಟ್ಟಿದ್ದ ಬಟ್ಟೆ ನೆನಪಾಯಿತು. ನಾನು ತಲೆ ತಗ್ಗಿಸಿ ಒಳಗೆ ನಡೆದೆ.

ಹೊಸ ಮಣ್ಣಿನವಳು ಮುಂದೆ, ಮಿಕ್ಕವರು ಹಿಂದೆ. ಅಪಾರ್ಟ್‌ಮೆಂಟಿನ ಕಿಟಕಿಗಳೆಲ್ಲ ಕಪ್ಪಗಿದ್ದವು. ನಾನು ಅಭ್ಯಾಸದಂತೆ ಆ ಬಾಲ್ಕನಿಯ ಕಡೆ ಕಣ್ಣು ಹಾಯಿಸಿದೆ. ಅಲ್ಲಿ ದೀಪ ಉರಿಯುತ್ತಿತ್ತು. ಬೆಳ್ಳಗಿನದು ಮಾತ್ರ ಇರಲಿಲ್ಲ.

ಹೆಂಗಸರು ಅವರವರ ಸಮಾಧಿಗಳ ಕಡೆ ಚದುರಿದರು. ನಾನು ಯಜಮಾನರ ದಿಬ್ಬದ ಹತ್ತಿರ ಹೋಗಿ ದೀಪ ಇಡಲು ಬಗ್ಗಿದೆ. ಶಿಲುಬೆಯ ಬುಡದಲ್ಲಿ ಒಂದು ಸ್ಟೀಲ್ ಲೋಟವಿತ್ತು. ದೊಡ್ಡದು. ಒಳಗೆ ಕಾಫಿ, ಹಬೆಯಾಡುತ್ತಿತ್ತು.

ಕೂಗಿಕೊಳ್ಳಬೇಕೆನಿಸಿತು. ಒಳಗೆ ಮಾತಾಡಬಾರದು ಎಂಬ ಪದ್ಧತಿ ಹೆದರಿಕೆಗಿಂತ ಬಲವಾಗಿತ್ತೋ ಏನೋ, ಬಾಯಿ ಮುಚ್ಚಿಕೊಂಡೆ. ಮಣ್ಣಿನ ಮೇಲೆ ಅದೇ ಬರಿಗಾಲಿನ ಗುರುತುಗಳು ಖಾಲಿ ಮೂಲೆಯ ಕಡೆ ಹೋಗಿದ್ದವು. ಆ ಮೂಲೆಯ ಮಂಜಿನಲ್ಲಿ ಬಿಳಿ ಸೀರೆಯ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ದೀಪವಿರಲಿಲ್ಲ. ನಮ್ಮವರು ಯಾರೂ ಅಲ್ಲಿಗೆ ಹೋಗುವ ಕಾರಣವಿರಲಿಲ್ಲ, ಅಲ್ಲಿ ಯಾರ ಸಮಾಧಿಯೂ ಇಲ್ಲ.

ಓಡಬೇಕಿತ್ತು. ನಾನು ಓಡದೆ ದೀಪ ಎತ್ತಿಕೊಂಡು ಅವಳ ಕಡೆಗೇ ನಡೆದೆ. ಧೈರ್ಯದಿಂದಲ್ಲ. ಒಮ್ಮೆ ಸತ್ತವರನ್ನು ನೋಡಿ ಬದುಕಿದ್ದಾರೆ ಎಂದುಕೊಂಡವಳಿಗೆ ಇನ್ನೊಮ್ಮೆ ಮೋಸಹೋಗಲು ಇಷ್ಟವಿರಲಿಲ್ಲ. ಹತ್ತಿರ ಹೋಗಿ ದೀಪವನ್ನು ಅವಳ ಮುಖಕ್ಕೆ ಹಿಡಿದೆ.

ಮುದುಕಿ. ಸುಕ್ಕು ಮುಖ, ಹಣೆಯ ಮೇಲೆ ಹಳೆಯ ಹಚ್ಚೆ, ಸೀರೆಯ ಅಂಚು ಮಳೆನೀರಿಗೆ ನೆನೆದು ಕಾಲಿಗಂಟಿತ್ತು. ಎದೆಗೆ ಒತ್ತಿ ಹಿಡಿದದ್ದು ಆ ಚಿಕ್ಕ ಲೋಟ.

"ಎದ್ರಿಕೋಬ್ಯಾಡ ಕಣವ್ವ," ಎಂದಳು. "ನಾನು ಮ್ಯಾಗಿನ ಮನೆಯೋಳು. ಬಿಲ್ಡಿಂಗ್ ಕಟ್ಟವ್ರಲ್ಲ, ಅದು ನಮ್ದೇ ಜಮೀನಾಗಿತ್ತು. ಗ್ವಾಡೆಲಿ ಒಂದ್ ಸಣ್ ಬಾಗ್ಲೈತೆ, ನೀರಿನ ಪೈಪಿಗೆ ಬಿಟ್ಟಿದ್ದು. ಅದ್ರಾಗೇ ನುಸ್ಕೊಂಡ್ ಬತ್ತೀನಿ." ನನ್ನ ಯಜಮಾನರ ದಿಬ್ಬದ ಕಡೆ ಗಲ್ಲ ಎತ್ತಿ ತೋರಿಸಿದಳು. "ನಿಮ್ಮೋರ್ಗೂ ಒಂದ್ ಲೋಟ ಕಾಪಿ ತಂದೆ. ದಿನಾ ಬೈತೀಯ, ಪಾಪ."

ಒಳಗೆ ಮಾತಾಡಬಾರದೆಂಬುದನ್ನು ಮರೆತು, "ಇಲ್ಲೇನಮ್ಮ ಮಾಡ್ತಿದ್ದೀರಿ?" ಎಂದೆ.

ಅವಳು ಕಾಲ ಕೆಳಗಿನ ಮಣ್ಣು ನೋಡಿದಳು. "ನನ್ ಮಗ ಇಲ್ಲವ್ನೆ," ಎಂದಳು.

ಮದುವೆಯಾಗಿ ಬಂದ ಹೊಸದರಲ್ಲಿ ಹುಟ್ಟಿದ ಚೊಚ್ಚಲು. ಇನ್ನೂ ತಪ್ಪು ಹೆಜ್ಜೆ ಇಡುತ್ತಿದ್ದ. ಜ್ವರ ಬಂದು ತೀರಿಕೊಂಡ. ಕೂಸುಗಳನ್ನು ಅವರಲ್ಲಿ ಸುಡುವುದಿಲ್ಲ, ತಮ್ಮ ಹೊಲದಂಚಿನ ಹೊಂಗೆ ಮರದ ಕೆಳಗೆ ಮಣ್ಣು ಮಾಡಿದ್ದರು. ಆಮೇಲೆ ಹುಟ್ಟಿದ ಮಕ್ಕಳು ಬೆಳೆದು ಜಮೀನನ್ನು ಬಿಲ್ಡರಿಗೆ ಕೊಟ್ಟು ಬದಲಿಗೆ ಮನೆಗಳನ್ನು ಪಡೆದರು. ಜೆಸಿಬಿ ಬಂತು. ಹೊಂಗೆ ಮರ ಬಿತ್ತು.

"ಆ ಮಣ್ಣೆಲ್ಲಾ ಲಾರೀಲಿ ತಂದು ಇಲ್ಲಿಗೇ ಸುರುದ್ರು. ನಾನ್ ನೋಡ್ತಾನೇ ನಿಂತಿದ್ದೆ. ಬ್ಯಾಡ ಅಂದ್ರೆ ನನ್ ಮಾತ ಯಾರ್ ಕೇಳ್ತಾರೆ?" ಲೋಟವನ್ನು ಇನ್ನಷ್ಟು ಒತ್ತಿ ಹಿಡಿದಳು. "ವಾದ್ ವರ್ಸ ಮ್ಯಾಲಿಂದ ನೋಡ್ದೆ. ನೀವೆಲ್ಲಾ ಬಿಳೇ ಸೀರೆ ಉಟ್ಕೊಂಡು ದೀಪ ತಂದ್ರಿ. ಆಮ್ಯಾಕೆ ಎದ್ದವ್ನೆ, ಎದ್ದವ್ನೆ ಅಂತ ಕೂಗಿದ್ರಿ, ಗಂಟೆ ಬಾರ್ಸುದ್ರಿ. ಯಾರೋ ಒಬ್ರು ಎದ್ರು ಅಂತ ಆವತ್ತೇ ಗೊತ್ತಾತು. ಯಾರ್ಗೂ ಬಾಯ್ಬಿಟ್ಟಿಲ್ಲ ನಾನು. ವರ್ಸಕ್ಕೊಬ್ರು ಏಳ್ತಾರಾ ಇಲ್ಲಿ? ಈ ಸಲ ಯಾರ್ ಸರದಿ?"

ನಾನು ದೀಪ ತಗ್ಗಿಸಿ ಅವಳ ಕೈಯ ಲೋಟ ನೋಡಿದೆ.

ಕೂಸು ಎದ್ದರೆ ಹಸಿದಿರುತ್ತದೆಂದು ಅವಳು ಹಾಲು ತರುತ್ತಿದ್ದಳು. ಹೊರಗಿನವರು ತನ್ನ ಲೋಟ ನೋಡಿ ಎಸೆದಾರೆಂದು ನಾನು ಬಂದಾಗ ದೀಪ ಆರಿಸಿ ಕಾವಲು ಕಾಯುತ್ತಿದ್ದಳು. ಇಂದು ಎಲ್ಲರ ಹಾಗೆ ತಾನೂ ತನ್ನ ಎಂದಿನ ಬಿಳಿ ಸೀರೆಯಲ್ಲಿ, ಸರದಿ ತನ್ನ ಮಗನದಾಗಿದ್ದರೆ ತಡವಾಗಬಾರದೆಂದು ನಮಗಿಂತ ಮೊದಲೇ ಬಂದು ನಿಂತಿದ್ದಳು. ನಾನು ಹುಟ್ಟಿದಾಗಿನಿಂದ ಈಸ್ಟರ್ ಮಾಡಿದ್ದೇನೆ. ಸತ್ತವರು ಏಳುತ್ತಾರೆಂದು ಬಾಯಿಪಾಠ ಹೇಳಿದ್ದೇನೆ. ಒಂದು ದಿನವೂ ಯಾರಿಗೂ ಹಾಲು ಕಾಯಿಸಿಕೊಂಡು ಹೋಗಿರಲಿಲ್ಲ. ನನಗೆ ಅಳು ಒತ್ತರಿಸಿ ಬಂತು. ಅವರು ಹೋದಾಗಿನಿಂದ ಬರದ ಅಳು.

ಏನು ಹೇಳಲಿ? ಹಿರಿಯರ ಎಚ್ಚರಿಕೆ ನೆನಪಿತ್ತು. ಹೆಚ್ಚು ಕಡಿಮೆ ಮಾತಾಡಿದರೆ ನಾಳೆ ಇನ್ನೊಂದು ವೀಡಿಯೊ ಆಗುತ್ತದೆ. ಇಲ್ಲಮ್ಮ, ಅದು ಸುಮ್ಮನೆ ನಮ್ಮ ಪದ್ಧತಿ, ಯಾರೂ ಏಳುವುದಿಲ್ಲ, ಮನೆಗೆ ಹೋಗಿ ಎಂದುಬಿಡಬಹುದಿತ್ತು. ಆ ವಾಕ್ಯ ಬಾಯಿಗೆ ಬಂತು ಕೂಡ. ಬಂದಾಗ ತಿಳಿಯಿತು, ಅದು ಸುಳ್ಳು, ಅದನ್ನು ನಾನು ನಂಬುವುದಿಲ್ಲ.

"ಸರದಿ ಇಲ್ಲಮ್ಮ," ಎಂದೆ. "ಎದ್ದಿರೋದು ಒಬ್ಬನೇ. ತುಂಬಾ ಹಿಂದೆ, ಬೇರೆ ದೇಶದಲ್ಲಿ. ಅವನು ಎದ್ದಿರೋದ್ರಿಂದ ಮಿಕ್ಕೋರನ್ನೂ ಎಬ್ಬಿಸ್ತಾನೆ ಅಂತ ನಾವು ನಂಬ್ಕೊಂಡು ಕಾಯ್ತಿದ್ದೀವಿ."

"ಯಾವಾಗ?"

"ಗೊತ್ತಿಲ್ಲ."

"ನಿಮ್ಮೋರ್ನ ಮಾತ್ರಾನಾ?"

"ಎಬ್ಬಿಸೋನು ಅವನು, ನಾನಲ್ಲ. ಆದ್ರೆ ಮಕ್ಕಳಂದ್ರೆ ಅವನಿಗೆ ಪ್ರಾಣ. ಕೂಸನ್ನ ಬಿಟ್ಟು ಹೋಗೋ ಪೈಕಿ ಅಲ್ಲ."

ಅವಳು ಸಮಾಧಿಗಳ ಮೇಲಿನ ದೀಪಗಳ ಕಡೆ ತಿರುಗಿದಳು. "ಅಂಗಾರೆ ಇಷ್ಟ್ ವರ್ಸದಿಂದ ನೀವು ಬರೀ ಕಾಯ್ತಾನೇ ಇದೀರಾ?"

"ಹೂಂ."

"ನಾನೂ ಅಂಗೇಯ," ಎಂದಳು. ಬಗ್ಗಿ ಲೋಟವನ್ನು ಮಣ್ಣಿನ ಮೇಲೆ ಇಟ್ಟಳು. ನನ್ನ ದೀಪವನ್ನು ಅದರ ಪಕ್ಕ ಇಟ್ಟೆ. ಯಜಮಾನರಿಗೆ ಕಾಫಿ ಇತ್ತಲ್ಲ, ಅವರು ಬೇಸರ ಮಾಡಿಕೊಳ್ಳುವವರಲ್ಲ.

ಹೆಂಗಸರು ಸಾಲಾಗಿ ನನಗಾಗಿ ಕಾಯುತ್ತಿದ್ದರು. ನಾನು ಮುಂದೆ ನಡೆದೆ. ಮುದುಕಿ ಸಾಲಿನ ಕೊನೆಯಲ್ಲಿ ಬಂದಳು, ಯಾರೂ ತಡೆಯಲಿಲ್ಲ. ಗೇಟಿನ ಹತ್ತಿರ ಹಿರಿಯರು ತುಟಿಯ ಮೇಲೆ ಬೆರಳಿಟ್ಟು, ಬೇಗ ಬೇಗ ಚರ್ಚಿಗೆ ನಡೆಯಿರಿ ಎಂದು ಸನ್ನೆ ಮಾಡಿದರು. ನಾನು ನಿಂತುಬಿಟ್ಟೆ. ನನ್ನ ಹಿಂದಿನವರೂ ನಿಂತರು.

"ಕೇಳಿ," ಎಂದೆ.

"ಅಕ್ಕ, ಇಲ್ಲಿ ಬೇಡ ಅಂತ..."

"ಕೇಳಿ ಮೇಷ್ಟ್ರೇ. ಕೇಳದೆ ಹೇಳೋ ಪದ್ಧತಿ ಇಲ್ಲ."

ಅವರು ಅಪಾರ್ಟ್‌ಮೆಂಟಿನ ಕಡೆ ನೋಡಿದರು, ಅಯ್ಯನವರ ಕಡೆ ನೋಡಿದರು. ಅಯ್ಯನವರು ನೆಲ ನೋಡುತ್ತಿದ್ದರು. ಕೊನೆಗೆ ಹಿರಿಯರು ಉಸಿರಿನಲ್ಲೇ, "ಏನು ಕಂಡೆ ತಾಯಿ?" ಎಂದರು.

"ಗೋರಿ ಬರಿದಾಗಿದೆ," ಎಂದೆ. ಮಿಕ್ಕದ್ದನ್ನು ಸಿಟ್ಟು ಮಾಡಿಕೊಂಡು ನೂಕಿದೆ. "ಆತನು ಎದ್ದಿದ್ದಾನೆ."

ಯಾರೂ ಕೂಗಲಿಲ್ಲ. ಕೂಗಬಾರದೆಂದು ಮಾತಾಗಿತ್ತಲ್ಲ. ಆಗ ಸಾಲಿನ ಹಿಂದಿನಿಂದ ಮುದುಕಿಯ ಧ್ವನಿ ಕೇಳಿತು. ಅವಳಿಗೆ ನಮ್ಮ ಪದ್ಧತಿ ತಿಳಿಯದು, ತಿಳಿಯಬೇಕಾದ್ದನ್ನು ಕೇಳಿದಳು.

"ನಿಜ್ವಾಗ್ಲೂನಾ?"

ಯಾರು ಮೊದಲು ಬಾಯಿಬಿಟ್ಟರೋ ಗೊತ್ತಿಲ್ಲ. ಮೇಷ್ಟ್ರೇ ಇರಬೇಕು, ಪ್ರಶ್ನೆ ಬಿದ್ದರೆ ಉತ್ತರ ಕೊಡದೆ ಇರಲು ಅವರಿಗೆ ಬರುವುದಿಲ್ಲ. "ನಿಜವಾಗಿಯೂ!" ಎಂಬ ಕೂಗು ಎದ್ದಿತು. ಹೋದ ವರ್ಷಕ್ಕಿಂತ ಜೋರಾಗಿ, ಕೆರೆಯ ಆಚೆ ದಡಕ್ಕೆ ಬಡಿದು ವಾಪಸು ಬರುವಷ್ಟು ಜೋರಾಗಿ. ಅಪಾರ್ಟ್‌ಮೆಂಟಿನ ಕಿಟಕಿಗಳು ಒಂದೊಂದಾಗಿ ಹೊತ್ತಿಕೊಂಡವು. ಗಂಟೆಯ ನಾಲಿಗೆಗೆ ಸುತ್ತಿದ್ದ ಪಂಚೆಯನ್ನು ಯಾರೋ ಬಿಚ್ಚತೊಡಗಿದರು.

ನಾನು ಅದನ್ನು ನೋಡಲು ನಿಲ್ಲ‌ಲಿಲ್ಲ. ಪದ್ಧತಿ ಮುರಿದು ಮತ್ತೆ ಒಳಗೆ ಹೋದೆ. ದಿಬ್ಬದ ಮೇಲಿನ ಕಾಫಿಯ ಹಬೆ ನಿಂತಿತ್ತು. ಹಿಂದೆ ಗಂಟೆ ಶುರುವಾಯಿತು, ತಾಳ ತಪ್ಪಿ, ಅಭ್ಯಾಸವಿಲ್ಲದ ಕೈ. ನಾನು ಮೊಣಕಾಲೂರಿ ಕೂತು, ಅಂದು ಬಸ್ಸಿನ ಪಕ್ಕಕ್ಕೆ ಬಡಿದ ಅದೇ ಕೈಯಿಂದ ಆ ಹಸಿ ಮಣ್ಣನ್ನು ಮೆಲ್ಲಗೆ ತಟ್ಟಿದೆ.

"ಮಲಗಿ," ಎಂದೆ. "ಆದ್ರೆ ಈ ಸಲ ಸ್ಟಾಪ್ ಬಂದಾಗ ಏಳ್ರೀ."